ಅನದರ್ ವರ್ಲ್ಡ್ ಮತ್ತು ಅದರ ಕನ್ಸೋಲ್ ಆವೃತ್ತಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಆಟಕ್ಕೆ ಮೂರು ಹೆಸರು ಯಾಕೆ?

ಯುರೋಪಿನಲ್ಲಿ ಈ ವಿಡಿಯೊ ಗೇಮ್‌ನ ಹೆಸರು ಅನದರ್ ವರ್ಲ್ಡ್, ಅಮೆರಿಕದಲ್ಲಿ ಔಟ್ ಆಫ್ ದಿಸ್ ವರ್ಲ್ಡ್, ಜಪಾನಿನಲ್ಲಿ ಔಟರ್ ವರ್ಲ್ಡ್. ಆಗ ಅಮೆರಿಕದ ಟಿವಿಯಲ್ಲಿ ಅನದರ್ ವರ್ಲ್ಡ್ ಎಂಬ ಧಾರಾವಾಹಿ ಬರುತ್ತಿದ್ದುದರಿಂದ ಗೊಂದಲ ಬೇಡವೆಂದು ಅಲ್ಲಿ ಹೆಸರು ಬದಲಾಯಿಸಿದರು. ತಮಾಷೆಯೆಂದರೆ ಔಟ್ ಆಫ್ ದಿಸ್ ವರ್ಲ್ಡ್ ಹೆಸರಿನಲ್ಲೂ ಅಲ್ಲೊಂದು ಹಾಸ್ಯ ಧಾರಾವಾಹಿ ಇತ್ತು. ಹಳೆಯ ಕಾರ್ಟ್ರಿಜ್ (ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ, ಅಂದರೆ ಕನ್ಸೋಲ್‌ಗೆ, ಸಿಕ್ಕಿಸುವ ಆಟದ ಡಬ್ಬಿ) ಹುಡುಕುವಾಗ ಮೂರೂ ಹೆಸರಿನಲ್ಲಿ ಹುಡುಕಿ.

ಮಾಡಿದವರು ಯಾರು?

ಎರಿಕ್ ಶಾಹಿ. ಕಥೆ, ಚಿತ್ರ, ಅನಿಮೇಶನ್, ಕೋಡ್, ಡಬ್ಬಿಯ ಮೇಲಿನ ವರ್ಣಚಿತ್ರ ಎಲ್ಲವೂ ಅವರದೇ. ಸಂಗೀತ ಮಾತ್ರ ಜಾಂ-ಫ್ರಾನ್ಸ್ವಾ ಫ್ರೇಟಾಸ್ ಅವರದು. 1989ರಲ್ಲಿ ಶುರುವಾದ ಕೆಲಸಕ್ಕೆ ಸುಮಾರು ಎರಡು ವರ್ಷ ಹಿಡಿಯಿತು. 1991ರ ಕೊನೆಯಲ್ಲಿ ಪ್ಯಾರಿಸ್‌ನ ಡೆಲ್ಫಿನ್ ಸಾಫ್ಟ್‌ವೇರ್ ಇದನ್ನು ಅಮಿಗಾ ಮತ್ತು ಅಟಾರಿ ಎಸ್‌ಟಿ ಕಂಪ್ಯೂಟರ್‌ಗಳಿಗೆ ಬಿಡುಗಡೆ ಮಾಡಿತು. ಶಾಹಿ ಮೊದಲೇ ಪೂರ್ತಿ ಕಥೆ ಬರೆದಿಟ್ಟುಕೊಂಡು ಕೂತವರಲ್ಲ. ಪೀಠಿಕೆಯ ದೃಶ್ಯ ಮುಗಿಸಿ, ಅಲ್ಲಿಂದ ಮುಂದೆ ಒಂದೊಂದೇ ಹಂತವನ್ನು ಹೊಳೆದ ಹಾಗೆ ಕಟ್ಟುತ್ತ ಹೋದರು. ಆಡುವವನಿಗೆ ಮುಂದಿನ ಪರದೆಯಲ್ಲಿ ಏನಿದೆಯೆಂದು ಊಹಿಸಲಾಗದಿರುವುದಕ್ಕೆ ಅದೂ ಒಂದು ಕಾರಣ.

ಕಥೆ ಏನು? ಇಂಗ್ಲಿಷ್ ಬಾರದಿದ್ದರೆ ಆಡಬಹುದೇ?

ಆರಾಮಾಗಿ ಆಡಬಹುದು. ಲೆಸ್ಟರ್ ನೈಟ್ ಚೇಕಿನ್ ಎಂಬ ಯುವ ಭೌತವಿಜ್ಞಾನಿ ರಾತ್ರಿ ಹೊತ್ತು ಕಣ ವೇಗವರ್ಧಕದಲ್ಲಿ ಪ್ರಯೋಗ ನಡೆಸುತ್ತಿರುವಾಗ ಸಿಡಿಲು ಬಡಿಯುತ್ತದೆ, ಅವನು ಬೇರೊಂದು ಲೋಕದ ಕೊಳದೊಳಗೆ ಹೋಗಿ ಬೀಳುತ್ತಾನೆ. ಪೀಠಿಕೆಯಲ್ಲಿ ಪ್ರಯೋಗಾಲಯದ ಕಂಪ್ಯೂಟರ್ ಪರದೆಯ ಮೇಲೆ ಒಂದಷ್ಟು ಇಂಗ್ಲಿಷ್ ಸಾಲುಗಳು ಓಡುತ್ತವೆ, ಅಷ್ಟೇ. ಅನ್ಯಲೋಕದವರ ಮಾತು ಆಟದಲ್ಲಿ ಯಾರಿಗೂ ಅರ್ಥವಾಗುವಂಥದ್ದಲ್ಲ. ಅಂಕ, ಜೀವಗಳ ಲೆಕ್ಕ, ಶಕ್ತಿಯ ಪಟ್ಟಿ ಯಾವುದೂ ಪರದೆಯ ಮೇಲಿಲ್ಲ. ಕಣ್ಣಿಗೆ ಕಂಡದ್ದರಿಂದಲೇ ಎಲ್ಲ ತಿಳಿಯಬೇಕು.

ಮೊದಲ ಸಲ ಆಡುವವರು ಯಾವ ಆವೃತ್ತಿ ತೆಗೆದುಕೊಳ್ಳಬೇಕು?

20ನೇ ವಾರ್ಷಿಕೋತ್ಸವದ ಆವೃತ್ತಿ. 2011ರಲ್ಲಿ ಐಫೋನ್ ಮತ್ತು ಐಪ್ಯಾಡ್‌ಗಳಿಗೆ, 2012ರಲ್ಲಿ ಆಂಡ್ರಾಯ್ಡ್‌ಗೆ, 2013ರಲ್ಲಿ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಬಂತು. 2014ರಲ್ಲಿ ಪ್ಲೇಸ್ಟೇಷನ್ 3, ಪ್ಲೇಸ್ಟೇಷನ್ 4, ವೀಟಾ, ವೀ ಯು, 3ಡಿಎಸ್, ಎಕ್ಸ್‌ಬಾಕ್ಸ್ ಒನ್‌ಗಳಿಗೆ, 2018ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂತು. ಫೋನಿನಲ್ಲಿ ಬೇಡ ಎಂಬುದು ನಮ್ಮ ಅಭಿಪ್ರಾಯ. ಈ ಆಟದಲ್ಲಿ ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿಯುತ್ತೀರಿ ಎಂಬುದರ ಮೇಲೆ ಸಾವು ಬದುಕು ನಿಂತಿದೆ, ಗಾಜಿನ ಮೇಲೆ ಆ ಹಿಡಿತ ಬೆರಳಿಗೆ ಸಿಗುವುದಿಲ್ಲ.

ಶುರುವಿನಲ್ಲೇ ಎರಡು ಸೆಟ್ಟಿಂಗ್ ನೋಡಿಕೊಳ್ಳಿ. ಮೂರು ಕಠಿಣತೆಗಳಲ್ಲಿ ಮೊದಲನೆಯದು 1991ರ ಆಟಕ್ಕಿಂತ ಸಲೀಸು, ನಡುವಿನದು ಹೆಚ್ಚುಕಡಿಮೆ ಮೂಲದಷ್ಟೇ, ಮೂರನೆಯದು ಮೂಲಕ್ಕಿಂತ ಕಷ್ಟ. ಹೊಸಬರು ಮೊದಲನೆಯದರಿಂದ ಶುರು ಮಾಡಿದರೆ ತಪ್ಪೇನಿಲ್ಲ. ಸಂಗೀತದಲ್ಲಿ ಮೂಲದ್ದನ್ನೇ ಆರಿಸಿಕೊಳ್ಳಿ. ಆಡುತ್ತಿರುವಾಗಲೇ ಹಳೆಯ ಚಿತ್ರಕ್ಕೂ ಹೊಸ ಚಿತ್ರಕ್ಕೂ ಬದಲಾಯಿಸಿಕೊಳ್ಳುವ ಸೌಲಭ್ಯವಿದೆ, ಯಾವ ಗುಂಡಿ ಎಂಬುದು ಮೆನುವಿನ ಕಂಟ್ರೋಲ್ ಪುಟದಲ್ಲಿರುತ್ತದೆ.

ಹೊಸ ಚಿತ್ರ ನಿಜಕ್ಕೂ ಹೊಸದೇ, ಇಲ್ಲ ಹಳೆಯದನ್ನೇ ಹಿಗ್ಗಿಸಿದ್ದೇ?

ಎರಡೂ ಹೌದು. ಪಾತ್ರಗಳು, ಅವುಗಳ ಚಲನೆ ಎಲ್ಲವೂ ಪಾಲಿಗಾನ್‌ಗಳು, ಅಂದರೆ ಮೂಲೆಗಳ ಸ್ಥಾನವನ್ನು ಮಾತ್ರ ಬರೆದಿಟ್ಟ ಸಮತಟ್ಟು ಆಕೃತಿಗಳು. ಅವನ್ನು ಎಷ್ಟು ದೊಡ್ಡ ಪರದೆಗೆ ಬಿಡಿಸಿದರೂ ಅಂಚು ಒಡೆಯುವುದಿಲ್ಲ. ಹಾಗಾಗಿ 1991ರ ಲೆಸ್ಟರ್‌ನನ್ನೇ 2006ರ 15ನೇ ವಾರ್ಷಿಕೋತ್ಸವದ ವಿಂಡೋಸ್ ಆವೃತ್ತಿಯಲ್ಲಿ 1280×800 ಅಳತೆಯಲ್ಲಿ ಬಿಡಿಸಲು ಆಯಿತು. ಹಿನ್ನೆಲೆಗಳಿಗೆ ಮಾತ್ರ ಹೆಚ್ಚು ವಿವರ ತುಂಬಿ ಹೊಸದಾಗಿ ಬರೆದರು. ಕೆಲವು ಗುಹೆಗಳ ಪರದೆಯಲ್ಲಿ ಹೊಸ ಹಿನ್ನೆಲೆ ತೀರಾ ನಯವಾಗಿ, ಮುಂದಿನ ಪಾತ್ರ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಅಂಥ ಕಡೆ ಹಳೆಯ ಚಿತ್ರಕ್ಕೆ ಹೊರಳಿದರೆ ಕಣ್ಣಿಗೆ ಹಿತ.

ಇಷ್ಟೊಂದು ಯಂತ್ರಗಳಿಗೆ ಈ ಆಟ ಹೋದದ್ದು ಹೇಗೆ?

ಆವೃತ್ತಿಗಳ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇಲ್ಲಿಗೇ ಬಂದು ಮುಟ್ಟುವುದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ಶಾಹಿ ಆಟವನ್ನು ನೇರವಾಗಿ ಅಮಿಗಾದ ಭಾಷೆಯಲ್ಲಿ ಬರೆಯಲಿಲ್ಲ. ಮೊದಲು ಒಂದು ಕಾಲ್ಪನಿಕ ಯಂತ್ರವನ್ನು ಕಟ್ಟಿಕೊಂಡರು, ಆಮೇಲೆ ಆಟವನ್ನು ಆ ಯಂತ್ರದ ಬೈಟ್‌ಕೋಡ್‌ನಲ್ಲಿ, ಅಂದರೆ ಅದಕ್ಕೆ ಮಾತ್ರ ತಿಳಿಯುವ ಆಜ್ಞೆಗಳಲ್ಲಿ, ಬರೆದರು. ಆ ಯಂತ್ರಕ್ಕೆ ಗೊತ್ತಿರುವ ಆಜ್ಞೆಗಳು ಮೂವತ್ತಕ್ಕೂ ಕಡಿಮೆ. ಅದಕ್ಕೆ 16 ಬಿಟ್‌ನ 256 ಚರಗಳಿವೆ, ಒಟ್ಟಿಗೆ ಓಡಬಲ್ಲ 64 ಎಳೆಗಳಿವೆ. ಲೆಸ್ಟರ್ ಒಂದು ಎಳೆ, ಕಾವಲುಗಾರ ಇನ್ನೊಂದು, ತೆರೆದುಕೊಳ್ಳುವ ಬಾಗಿಲು ಮತ್ತೊಂದು. ಪ್ರತಿ ಫ್ರೇಮಿನಲ್ಲೂ, ಅಂದರೆ ಪರದೆಗೆ ಹೋಗುವ ಒಂದೊಂದು ಚಿತ್ರಕ್ಕೂ, ಪ್ರತಿ ಎಳೆ ತನ್ನ ಸರದಿಯ ಕೆಲಸ ಮುಗಿಸಿ ಮುಂದಿನದಕ್ಕೆ ಜಾಗ ಬಿಟ್ಟುಕೊಡುತ್ತದೆ. ಎಲ್ಲ ಮುಗಿದ ಮೇಲೆ ಚಿತ್ರ ಪರದೆಗೆ ಹೋಗುತ್ತದೆ.

ಹೊಸ ಯಂತ್ರಕ್ಕೆ ಒಯ್ಯುವವರು ಆಟವನ್ನೇ ಮತ್ತೆ ಬರೆಯಬೇಕಾಗಿಲ್ಲ. ಆ ಬೈಟ್‌ಕೋಡ್ ಓದಿ ನಡೆಸುವ ಒಂದು ಭಾಗ, ಪಾಲಿಗಾನ್ ತುಂಬಿ ಬಣ್ಣ ಹಚ್ಚುವ ಒಂದು ಭಾಗ, ಸದ್ದು ಮಾಡುವ ಒಂದು ಭಾಗ ಬರೆದರೆ ಸಾಕು. ಹೀಗಾಗಿ ಕಾವಲುಗಾರ ಎಲ್ಲಿ ನಿಲ್ಲುತ್ತಾನೆ, ಕಲ್ಲು ಯಾವಾಗ ಉರುಳುತ್ತದೆ ಎಂಬುದು ಬಹುತೇಕ ಎಲ್ಲ ಕಡೆ ಒಂದೇ. ವ್ಯತ್ಯಾಸ ಇರುವುದು ವೇಗ, ಸದ್ದು, ಹಿನ್ನೆಲೆ, ಆಮೇಲೆ ಪ್ರಕಾಶಕರ ಕತ್ತರಿಯಲ್ಲಿ.

ಚಿತ್ರಕ್ಕೆ ಎಷ್ಟು ಬಣ್ಣ ಬಳಸಿದ್ದಾರೆ? ನೀರು, ಬೆಳಕು ಪಾರದರ್ಶಕವಾಗಿ ಕಾಣುವುದು ಹೇಗೆ?

320×200 ಚುಕ್ಕೆಗಳ ಪರದೆ, ಒಮ್ಮೆಗೆ ಹದಿನಾರೇ ಬಣ್ಣ. ಒಂದು ಪರದೆಗೆ 32,000 ಬೈಟ್ ಬೇಕು. ಅಂಥ ನಾಲ್ಕು ಹಾಳೆಗಳನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಆಟ ನಡೆಯುತ್ತದೆ. ಹಿನ್ನೆಲೆಯನ್ನು ಒಂದು ಹಾಳೆಯಲ್ಲಿ ಒಮ್ಮೆ ಬಿಡಿಸಿಟ್ಟು, ಪ್ರತಿ ಫ್ರೇಮಿಗೂ ಅದನ್ನು ನಕಲು ಮಾಡಿ ಅದರ ಮೇಲೆ ಚಲಿಸುವ ಆಕೃತಿಗಳನ್ನು ಮಾತ್ರ ಬಿಡಿಸುವುದು ಕ್ರಮ.

ಪಾರದರ್ಶಕತೆ ಒಂದು ಜಾಣ ಉಪಾಯ. ಹದಿನಾರು ಬಣ್ಣಗಳಲ್ಲಿ ಮೊದಲ ಎಂಟಕ್ಕೆ ಜೊತೆಯಾಗಿ ಉಳಿದ ಎಂಟರಲ್ಲಿ ತಿಳಿಯಾದ ಛಾಯೆಗಳನ್ನು ಇಡಬಹುದು. ‘ಪಾರದರ್ಶಕ’ ಎಂದು ಗುರುತಿಸಿದ ಪಾಲಿಗಾನ್ ತಾನು ಮುಚ್ಚಿದ ಚುಕ್ಕೆಗಳ ಬಣ್ಣದ ಸಂಖ್ಯೆಯನ್ನು ಎರಡನೇ ಗುಂಪಿಗೆ ತಳ್ಳುತ್ತದೆ, ಬೇರೆ ಯಾವ ಲೆಕ್ಕಾಚಾರವೂ ಇಲ್ಲ. ಪೀಠಿಕೆಯಲ್ಲಿ ಕಾರಿನ ದೀಪದ ಬೆಳಕು ರಸ್ತೆಯ ಮೇಲೆ ಹರಡುವುದು ಹೀಗೆ.

ಲೆಸ್ಟರ್‌ನ ನಡಿಗೆ, ಓಟ ಅಷ್ಟು ಸಹಜವಾಗಿರುವುದು ಯಾಕೆ?

ಶಾಹಿ ತಮ್ಮನ್ನೇ ವಿಡಿಯೊ ಮಾಡಿಕೊಂಡು, ಅದರ ಮೇಲೆ ಚೌಕಟ್ಟು ಚೌಕಟ್ಟಾಗಿ ಪಾಲಿಗಾನ್ ಎಳೆದರು. ವಿಡಿಯೊ ಚಿತ್ರವನ್ನು ಅಮಿಗಾ ಪರದೆಯೊಂದಿಗೆ ಬೆರೆಸಲು ಜೆನ್‌ಲಾಕ್ ಎಂಬ ಸಾಧನ ಬಳಸಿದರು. ಪೀಠಿಕೆಯ ಕಾರಿಗೆ ಮಾದರಿಯಾಗಿದ್ದದ್ದು ಒಂದು ಆಟಿಕೆ ಫೆರಾರಿ. ಪಾಲಿಗಾನ್ ಬಿಡಿಸುವ ಎಡಿಟರ್ ಕೂಡ ಅವರೇ ಜಿಎಫ್‌ಎ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಂಡದ್ದು.

ಸೂಪರ್ ನಿಂಟೆಂಡೊ ಆವೃತ್ತಿ ಯಾಕೆ ನಿಧಾನ?

ಆ ಯಂತ್ರ ಪಾಲಿಗಾನ್‌ಗೆಂದು ಹುಟ್ಟಿದ್ದಲ್ಲ. ಅದರಲ್ಲಿ ಚುಕ್ಕೆ ಚುಕ್ಕೆಯಾಗಿ ಬರೆಯಬಹುದಾದ ಪರದೆಯೇ ಇಲ್ಲ, 8×8ರ ಬಿಲ್ಲೆಗಳನ್ನು ಜೋಡಿಸಿ ಚಿತ್ರ ಮಾಡಬೇಕು. ಅಂದರೆ ಪ್ರತಿ ಫ್ರೇಮಿನಲ್ಲೂ ಪಾಲಿಗಾನ್ ತುಂಬಿಸಿ, ಅದನ್ನು ಬಿಲ್ಲೆಗಳ ರೂಪದಲ್ಲಿ ಚಿತ್ರದ ಮೆಮೊರಿಗೆ ಸಾಗಿಸಬೇಕು. ಹೀಗೆ ಸಾಗಿಸಲು ಅವಕಾಶ ಸಿಗುವುದು ಟಿವಿಯ ಕಿರಣ ಕೆಳಗಿನಿಂದ ಮೇಲಕ್ಕೆ ಮರಳುವ ಚಿಕ್ಕ ಬಿಡುವಿನಲ್ಲಿ, ಒಂದು ಬಿಡುವಿನಲ್ಲಿ ಹೋಗುವುದು ಸುಮಾರು 6 ಕಿಲೋಬೈಟ್. ಅದಕ್ಕೇ ಚಿತ್ರವನ್ನು 224×176ಕ್ಕೆ ಕುಗ್ಗಿಸಿದ್ದಾರೆ. ಸುತ್ತಲೂ ಕಪ್ಪು ಅಂಚು ಕಾಣುವುದು ನಿಮ್ಮ ಟಿವಿಯ ದೋಷವಲ್ಲ. ಕುಗ್ಗಿಸಿದ ಮೇಲೂ ಒಂದು ಚಿತ್ರಕ್ಕೆ ಹತ್ತೊಂಬತ್ತು ಕಿಲೋಬೈಟ್ ಆಗುತ್ತದೆ, ಅಂದರೆ ಮೂರು ನಾಲ್ಕು ಬಿಡುವು ಬೇಕು.

ಅಮೆರಿಕದ ಇಂಟರ್‌ಪ್ಲೇ ಕಂಪನಿಗಾಗಿ ಈ ಆವೃತ್ತಿ ಬರೆದವರು ರೆಬೆಕಾ ಹೈನೆಮನ್. ಚಿತ್ರದ ಲೆಕ್ಕಕ್ಕೆ ನೆರವಾಗುವ ಸೂಪರ್ ಎಫ್‌ಎಕ್ಸ್ ಚಿಪ್ ಆಗಲಿ, ವೇಗದ ರೋಮ್ ಚಿಪ್ (ಆಟವನ್ನು ಬರೆದಿಟ್ಟ ಚಿಪ್) ಆಗಲಿ ಕಾರ್ಟ್ರಿಜ್‌ಗೆ ಹಾಕಲು ಕಂಪನಿ ಒಪ್ಪಲಿಲ್ಲ, ಖರ್ಚು ಜಾಸ್ತಿ. ನಿಧಾನದ ಕಾರ್ಟ್ರಿಜ್‌ನಿಂದ ಆಜ್ಞೆ ಓದುವಾಗ ಪ್ರೊಸೆಸರ್ 2.68 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ. ಆದರೆ ಡಿಎಂಎ ರಿಜಿಸ್ಟರ್‌ಗಳನ್ನು (ಮೆಮೊರಿಯ ಸಾಗಣೆ ನೋಡಿಕೊಳ್ಳುವ ಭಾಗದ ಪುಟ್ಟ ಖಾನೆಗಳನ್ನು) ಮುಟ್ಟುವಾಗ ಅದು 3.58ರಲ್ಲೇ ಓಡುತ್ತದೆ. ಹೈನೆಮನ್ ನಕಲು ಮಾಡುವ ಆಜ್ಞೆಯನ್ನೇ ಆ ರಿಜಿಸ್ಟರ್‌ಗಳೊಳಗೆ ಬರೆದು ಅಲ್ಲಿಂದಲೇ ಓಡಿಸಿದರು. ನಿಧಾನ ಎಂದು ಬೈಯುವ ಮುನ್ನ ಇದನ್ನು ತಿಳಿದಿರುವುದು ಒಳ್ಳೆಯದು. ಆ ಕಾರ್ಟ್ರಿಜ್ ಅಷ್ಟಾದರೂ ಓಡಿದ್ದೇ ಹೆಚ್ಚು.

ಮೆಗಾ ಡ್ರೈವ್ ಆವೃತ್ತಿ ಹೇಗಿದೆ?

ತೊಂಬತ್ತರ ದಶಕದ ಕನ್ಸೋಲ್‌ಗಳಲ್ಲಿ ನಮ್ಮ ಆಯ್ಕೆ ಇದೇ. ಮೆಗಾ ಡ್ರೈವ್ ಒಳಗಿರುವುದು ಅಮಿಗಾದಲ್ಲಿದ್ದ 68000 ಪ್ರೊಸೆಸರೇ, ಅದೂ ತುಸು ಹೆಚ್ಚು ವೇಗದ್ದು. ಇಲ್ಲೂ ಬಿಲ್ಲೆಗಳ ತೊಡಕು ಇದೆ, ಆದರೂ ಕೈಗೆ ಸಿಗುವ ಸ್ಪಂದನೆ ಸೂಪರ್ ನಿಂಟೆಂಡೊಗಿಂತ ಚುರುಕು. ಗುಂಡಿನ ಕಾಳಗದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಕನ್ಸೋಲ್‌ನಲ್ಲಿ ಆಟದ ನಡುವೆ ಸಂಗೀತ ಬರುತ್ತದೆ, ಕಂಪ್ಯೂಟರ್‌ನಲ್ಲಿ ಇಲ್ಲ. ಯಾವುದು ಸರಿ?

ಮೂಲದಲ್ಲಿ ಪೀಠಿಕೆ ಮತ್ತು ಕೊನೆ ಬಿಟ್ಟರೆ ಹೆಚ್ಚುಕಡಿಮೆ ಸಂಗೀತವೇ ಇಲ್ಲ. ಹೆಜ್ಜೆ ಸದ್ದು, ಗಾಳಿ, ದೂರದ ಬಾಗಿಲು ಇವೇ ಕೇಳುತ್ತವೆ. ಸೂಪರ್ ನಿಂಟೆಂಡೊ ಮತ್ತು ಮೆಗಾ ಡ್ರೈವ್‌ಗಳಿಗೆ ಇಂಟರ್‌ಪ್ಲೇ ಆಟದ ನಡುವೆಯೂ ಸಂಗೀತ ಸೇರಿಸಿತು. ಪೀಠಿಕೆಯ ಸಂಗೀತವನ್ನೂ ಬದಲಿಸಲು ಹೊರಟಾಗ ಶಾಹಿ ಒಪ್ಪಲಿಲ್ಲ. ಮೂಲ ಸಂಗೀತವನ್ನೇ ಉಳಿಸಿ ಎಂದು ಬರೆದ ಹಾಳೆಯ ಎರಡು ತುದಿ ಅಂಟಿಸಿ, ಮುಗಿಯದ ಫ್ಯಾಕ್ಸ್ ಕಳಿಸಿದ ಪ್ರಸಂಗ ಆಗ ನಡೆದದ್ದು. ಕೊನೆಗೆ ವಕೀಲರ ಮಟ್ಟಕ್ಕೆ ಹೋಗಿ ಪೀಠಿಕೆಯ ಸಂಗೀತ ಉಳಿಯಿತು. ಮೌನವೇ ಈ ಆಟದ ಅರ್ಧ ಜೀವ. ಸಾಧ್ಯವಿದ್ದರೆ ಸೇರಿಸಿದ ಸಂಗೀತವಿಲ್ಲದ ಆವೃತ್ತಿಯಲ್ಲೇ ಆಡಿ.

ಏನೇನು ಕತ್ತರಿಸಿದ್ದಾರೆ?

ಅಖಾಡದಿಂದ ಪಾರಾಗಿ ಲೆಸ್ಟರ್ ಬೀಳುವುದು ಅನ್ಯಲೋಕದ ಹೆಂಗಸರ ಸ್ನಾನಗೃಹಕ್ಕೆ. ಅಲ್ಲಿ ಒಂದು ಕ್ಷಣ ಕಾಣುವ ಬೆತ್ತಲೆ ಬೆನ್ನಿನ ಕೆಳಭಾಗವನ್ನು ನಿಂಟೆಂಡೊಗಾಗಿ ಮುಚ್ಚಬೇಕಾಯಿತು. ಆಟದ ನಡೆಗೆ ಇದರಿಂದ ಏನೂ ವ್ಯತ್ಯಾಸವಿಲ್ಲ.

3ಡಿಒ ಆವೃತ್ತಿ ಚೆಂದ ಎನ್ನುತ್ತಾರಲ್ಲ?

ಹಿನ್ನೆಲೆಗಳನ್ನೆಲ್ಲ ಹೆಚ್ಚು ಬಣ್ಣ, ನೆರಳು ಕೊಟ್ಟು ಹೊಸದಾಗಿ ಬರೆದಿದ್ದಾರೆ. ಬಿಡಿ ಚಿತ್ರವಾಗಿ ನೋಡಿದರೆ ಚೆಂದವೇ. ಆದರೆ ಮುಂದೆ ಓಡಾಡುವವರು ಮಾತ್ರ ಹಳೆಯ ಸಮತಟ್ಟು ಪಾಲಿಗಾನ್‌ಗಳು, ಎರಡೂ ಹೊಂದುವುದಿಲ್ಲ. ಎರಡನೇ ಸಲ ಆಡಲು ಇಟ್ಟುಕೊಳ್ಳಿ.

ಇದಕ್ಕೆ ಎರಡನೇ ಭಾಗ ಇದೆಯೇ?

1994ರಲ್ಲಿ ಸೆಗಾ ಸಿಡಿಗೆ ಹಾರ್ಟ್ ಆಫ್ ದಿ ಏಲಿಯನ್ ಬಂತು. ಅದೇ ಡಿಸ್ಕ್‌ನಲ್ಲಿ ಮೂಲ ಆಟವೂ ಇದೆ, ಲೆಸ್ಟರ್‌ನ ಅನ್ಯಲೋಕದ ಗೆಳೆಯನನ್ನು ನೀವು ಆಡುವ ಎರಡನೇ ಭಾಗವೂ ಇದೆ. ಮಾಡಿದ್ದು ಇಂಟರ್‌ಪ್ಲೇ, ಶಾಹಿ ಅಲ್ಲ. ಉತ್ತರ ಅಮೆರಿಕದಲ್ಲಿ ಮಾತ್ರ ಬಿಡುಗಡೆಯಾದದ್ದರಿಂದ, ಸೆಗಾ ಸಿಡಿಯ ಪ್ರದೇಶ ತಡೆ (ಬೇರೆ ಪ್ರದೇಶದ ಆಟ ಓಡಿಸದ ಬೀಗ) ದಾಟಲು ಅಲ್ಲಿನ ಯಂತ್ರವೇ ಬೇಕು. ಗೆಳೆಯನ ಕೈಯಲ್ಲಿ ಬಂದೂಕಿನ ಬದಲು ಚಾಟಿ. ಮೂಲದ ಕೊನೆ ತೆರೆದೇ ಉಳಿದಿತ್ತು, ಇದು ಅದಕ್ಕೆ ಬಲವಂತವಾಗಿ ಉತ್ತರ ಕೊಡುತ್ತದೆ. ಕುತೂಹಲಕ್ಕೆ ಆಡಬಹುದು, ಮುಂದಿನ ಕಥೆ ಎಂದು ನಂಬಬೇಕಾಗಿಲ್ಲ.

ಆಟ ಶುರುವಾದ ಕೂಡಲೇ ಸಾಯುತ್ತಿದ್ದೇನೆ!

ಎಲ್ಲರೂ ಹಾಗೇ ಸಾಯುವುದು. ಪೀಠಿಕೆ ಮುಗಿದು ಲೆಸ್ಟರ್ ಕೊಳದಲ್ಲಿ ಮುಳುಗುತ್ತಿರುವಾಗ ಆಟ ಆಗಲೇ ನಿಮ್ಮ ಕೈಗೆ ಬಂದಿರುತ್ತದೆ, ದೃಶ್ಯ ಇನ್ನೂ ನಡೆಯುತ್ತಿದೆ ಎಂದುಕೊಂಡು ಕೂರಬೇಡಿ. ತಕ್ಷಣ ಮೇಲಿನ ಗುಂಡಿ ಒತ್ತಿ ಹಿಡಿದು ಈಜಿ ಮೇಲೆ ಬನ್ನಿ, ದಡ ಹತ್ತಿ. ಹತ್ತಿದ ಮೇಲೂ ಅಲ್ಲೇ ನಿಂತರೆ ಕೊಳದಿಂದ ಬಳ್ಳಿಗಳಂಥ ಕೈಗಳು ಬಂದು ಎಳೆದುಕೊಳ್ಳುತ್ತವೆ. ಬಲಕ್ಕೆ ನಡೆಯಿರಿ.

ಜಿಗಣೆಯಂಥ ಹುಳುಗಳನ್ನು ದಾಟುವುದು ಹೇಗೆ?

ಮುಂದಿನ ಪರದೆಗಳಲ್ಲಿ ನೆಲದ ಮೇಲೆ ತೆವಳುತ್ತವೆ, ಮೇಲಿನಿಂದಲೂ ಬೀಳುತ್ತವೆ. ಕ್ರಿಯೆಯ ಗುಂಡಿ ಒತ್ತಿದರೆ ಲೆಸ್ಟರ್ ಒದೆಯುತ್ತಾನೆ. ಓಡಬೇಡಿ. ಒಂದೊಂದೇ ಹುಳು ಕಾಲಳತೆಗೆ ಬರುವವರೆಗೆ ನಿಂತು ಕಾದು ಒದೆಯಿರಿ. ತೀರಾ ಹತ್ತಿರ ಬಿಟ್ಟುಕೊಂಡರೆ ಒದೆತ ಮೇಲಿಂದ ಹಾದುಹೋಗಿ ಹುಳು ಪ್ಯಾಂಟು ಸೀಳುತ್ತದೆ, ಅಲ್ಲಿಗೆ ಮುಗಿಯಿತು. ನಿಧಾನದ ಆವೃತ್ತಿಗಳಲ್ಲಿ ಅರ್ಧ ಹೆಜ್ಜೆ ಮೊದಲೇ ಒತ್ತಿ.

ಕಪ್ಪು ಮೃಗ ಬಂದಾಗ?

ಬಲಗಡೆ ದಾರಿಯಲ್ಲಿ ಎದುರಾದ ಕೂಡಲೇ ತಿರುಗಿ ಎಡಕ್ಕೆ ಓಡಿ. ದಿಕ್ಕಿನ ಗುಂಡಿಯ ಜೊತೆಗೆ ಕ್ರಿಯೆಯ ಗುಂಡಿಯನ್ನೂ ಹಿಡಿದರೆ ಮಾತ್ರ ಓಟ, ಇಲ್ಲದಿದ್ದರೆ ನಡಿಗೆ. ದಾರಿಯಲ್ಲಿ ಹುಳು ಉಳಿಸಿ ಬಂದಿದ್ದರೆ ಈಗ ಅದೇ ಕಾಲಿಗೆ ಸಿಗುತ್ತದೆ, ಹಾಗಾಗಿ ಹೋಗುವಾಗಲೇ ಎಲ್ಲವನ್ನೂ ಒದ್ದು ಹೋಗಿ. ಕೊಳದ ಪರದೆಯನ್ನೂ ದಾಟಿ ಎಡತುದಿಯ ಬಂಡೆಯಂಚಿಗೆ ಬನ್ನಿ, ನಿಲ್ಲದೆ ಜಿಗಿಯಿರಿ. ಲೆಸ್ಟರ್ ತಾನೇ ಬಳ್ಳಿ ಹಿಡಿದು ತೂಗಿ ಮೃಗದ ಆಚೆ ಬದಿಗೆ ಬರುತ್ತಾನೆ. ಇನ್ನು ಬಲಕ್ಕೆ ಓಟ. ಮೃಗಕ್ಕೆ ಗುಂಡು ಹೊಡೆಯುವವರು ಬೇರೆ ಯಾರೋ ಕಾದಿದ್ದಾರೆ.

ಪಂಜರದಲ್ಲಿ ಏನು ಮಾಡಬೇಕು?

ಸೆರೆಸಿಕ್ಕ ಲೆಸ್ಟರ್ ಇರುವ ಪಂಜರವನ್ನು ಎಡ, ಬಲ, ಎಡ, ಬಲ ಒತ್ತುತ್ತ ತೂಗಿ. ಪಂಜರದ ಲಯಕ್ಕೆ ತಕ್ಕಂತೆ ಒತ್ತಿದರೆ ತೂಗಾಟ ಹೆಚ್ಚುತ್ತದೆ, ಮನಸ್ಸಿಗೆ ಬಂದಂತೆ ಒತ್ತಿದರೆ ನಿಂತುಹೋಗುತ್ತದೆ. ಕೆಳಗಿನ ಕಾವಲುಗಾರ ಹೆದರಿಸಲು ಮೇಲಕ್ಕೆ ಗುಂಡು ಹಾರಿಸುತ್ತಾನೆ, ಅದನ್ನು ನೋಡಿ ನಿಲ್ಲಿಸಬೇಡಿ. ಪಂಜರ ಅವನ ಮೇಲೇ ಬೀಳುತ್ತದೆ. ಬಿದ್ದ ಬಂದೂಕನ್ನು ತಡಮಾಡದೆ ಬಗ್ಗಿ ತೆಗೆದುಕೊಳ್ಳಿ, ಮುಂದಿನ ಆಟವೆಲ್ಲ ಅದರ ಮೇಲೆಯೇ ನಿಂತಿದೆ.

ಬಂದೂಕು ಬಳಸುವುದು ಸರಿಯಾಗಿ ಗೊತ್ತಾಗುತ್ತಿಲ್ಲ.

ಒಂದೇ ಗುಂಡಿ, ಮೂರು ಕೆಲಸ. ಒತ್ತಿ ಬಿಟ್ಟರೆ ಸಾದಾ ಗುಂಡು. ತುದಿಯಲ್ಲಿ ಸಣ್ಣ ಬೆಳಕಿನ ಉಂಡೆ ಮೂಡುವವರೆಗೆ ಹಿಡಿದು ಬಿಟ್ಟರೆ ಎದುರಿಗೆ ರಕ್ಷಾಕವಚ ನಿಲ್ಲುತ್ತದೆ. ಉಂಡೆ ದೊಡ್ಡದಾಗುವವರೆಗೆ ಹಿಡಿದು ಬಿಟ್ಟರೆ ಗೋಡೆಯನ್ನೂ ಎದುರಾಳಿಯ ಕವಚವನ್ನೂ ಒಡೆಯುವ ಹೊಡೆತ.

ಹೊಸಬರು ಎಡವುವುದು ಕ್ರಮದಲ್ಲಿ. ಕಾವಲುಗಾರನನ್ನು ಕಂಡ ಕೂಡಲೇ ಗುಂಡು ಹಾರಿಸುತ್ತಾರೆ, ಅದು ಅವನ ಕವಚಕ್ಕೆ ಬಡಿದು ವ್ಯರ್ಥವಾಗುತ್ತದೆ, ಅಷ್ಟರಲ್ಲಿ ಅವನ ಗುಂಡು ಬಂದಿರುತ್ತದೆ. ಮೊದಲು ನಿಮ್ಮ ಕವಚ. ಅದರ ಹಿಂದೆ ನಿಂತು ದೊಡ್ಡ ಹೊಡೆತ ತುಂಬಿಸಿ ಅವನ ಕವಚ ಒಡೆಯಿರಿ. ಆಮೇಲೆ ಸಾದಾ ಗುಂಡು. ಕವಚ ಪ್ರತಿ ಪೆಟ್ಟಿಗೂ ದುರ್ಬಲವಾಗುತ್ತದೆ, ಮಿಣುಕತೊಡಗಿದರೆ ಹೊಸದನ್ನು ಹಾಕಿ. ಕಾವಲುಗಾರರು ಎರಡೂ ಕಡೆಯಿಂದ ಬರುವ ಪರದೆಗಳಲ್ಲಿ ಎರಡೂ ಬದಿಗೆ ಒಂದೊಂದು ಕವಚ ಹಾಕಿಯೇ ಮುಂದಿನ ಮಾತು. ಇನ್ನೊಂದು ಸಂಗತಿ: ಕವಚ ತಡೆಯುವುದು ಗುಂಡನ್ನು, ಮೈಯನ್ನಲ್ಲ. ಎದುರಾಳಿಯ ಕವಚದ ಒಳಕ್ಕೆ ನುಗ್ಗಿ ಹೊಡೆಯಬಹುದು. ಅಪಾಯದ್ದು, ಆದರೆ ಕೆಲವು ಕಡೆ ಅದೇ ಬೇಗ ಮುಗಿಯುವ ದಾರಿ.

ಕವಚ ಮತ್ತು ದೊಡ್ಡ ಹೊಡೆತ ಬಂದೂಕಿನ ಶಕ್ತಿಯನ್ನು ಬೇಗ ತಿನ್ನುತ್ತವೆ. ಸೆರೆಮನೆಯೊಳಗೆ ಶಕ್ತಿ ತುಂಬುವ ಜಾಗವಿದೆ, ಅದರೆದುರು ಹೋಗಿ ನಿಂತರೆ ತುಂಬುತ್ತದೆ. ಗುಹೆಗಳ ಕಡೆ ಹೊರಡುವ ಮೊದಲು ತುಂಬಿಸಿಕೊಳ್ಳಿ.

ಗೆಳೆಯ ಬಾಗಿಲು ತೆರೆಯುತ್ತಿರುವಾಗ ಪ್ರತಿ ಸಲವೂ ಸಾಯುತ್ತೇನೆ.

ಅವನಿಗೆ ಸಮಯ ಬೇಕು, ಅದನ್ನು ಕೊಡಿಸುವುದಷ್ಟೇ ನಿಮ್ಮ ಕೆಲಸ. ಕಾವಲುಗಾರರು ಬರುವ ದಿಕ್ಕಿಗೆ ಒಂದರ ಹಿಂದೊಂದು ಎರಡು ಮೂರು ಕವಚ ಹಾಕಿ ನಿಲ್ಲಿ. ಎದುರಾಳಿಯನ್ನು ಕೊಲ್ಲಲೇಬೇಕೆಂದಿಲ್ಲ, ಬಾಗಿಲು ತೆರೆದ ಕೂಡಲೇ ಅವನ ಹಿಂದೆ ಓಡಿ. ಆಮೇಲೆ ಸಿಗುವ ಲಿಫ್ಟ್‌ನಲ್ಲಿ ಮೇಲಕ್ಕೂ ಹೋಗಬಹುದು. ಅಲ್ಲಿ ಮಾಡುವ ಕೆಲಸವೇನೂ ಇಲ್ಲ, ಕಿಟಕಿಯಾಚೆ ಅನ್ಯಲೋಕದ ನಗರ ಕಾಣುತ್ತದೆ. ನೋಡಿಕೊಂಡೇ ಇಳಿಯಿರಿ.

ಗುಹೆಗಳಲ್ಲಿ ದಾರಿ ಸಿಗುತ್ತಿಲ್ಲ.

ಈ ಆಟದಲ್ಲಿ ಅತಿ ಹೆಚ್ಚು ಜನ ಕೈಬಿಡುವ ಜಾಗ ಇದು. ನೆನಪಿಡಬೇಕಾದ್ದು ಇಷ್ಟು: ನೀರು ತಡೆದು ನಿಂತಿರುವ ಗೋಡೆಯನ್ನು ದೊಡ್ಡ ಹೊಡೆತದಿಂದ ಒಡೆಯಬೇಕು, ಒಡೆದ ಕೂಡಲೇ ಪ್ರವಾಹದ ಮುಂದೆ ಓಡಬೇಕು. ಆದ್ದರಿಂದ ಒಡೆಯುವ ಮೊದಲೇ ಓಡುವ ದಾರಿಯನ್ನು ಒಮ್ಮೆ ನಡೆದು ನೋಡಿಕೊಳ್ಳಿ, ಎಲ್ಲಿ ಜಿಗಿಯಬೇಕೆಂದು ಗುರುತಿಟ್ಟುಕೊಳ್ಳಿ. ಓಡುತ್ತಲೇ ಜಿಗಿದರೆ ದೂರ ಹೋಗುತ್ತೀರಿ, ನಿಂತು ಜಿಗಿದರೆ ಹಳ್ಳಕ್ಕೆ. ಮುಂದೆ ನೀರೊಳಗೆ ಈಜುವಾಗ ಉಸಿರು ಮುಗಿಯುತ್ತದೆ, ಗಾಳಿ ಸಿಗುವ ಜಾಗ ಗುರುತಿಸಿಕೊಂಡು ಅಲ್ಲಿ ನಿಂತು ಉಸಿರು ತೆಗೆದುಕೊಂಡೇ ಮುಂದುವರಿಯಿರಿ.

ತೂಗುವ ಹಸಿರು ಗೋಳಗಳು ಯಾತಕ್ಕೆ?

ಅವುಗಳಲ್ಲಿ ಕೆಳಗಿನ ಕಾವಲುಗಾರನ ಪ್ರತಿಬಿಂಬ ಕಾಣುತ್ತದೆ, ಕಣ್ಣಿಟ್ಟು ನೋಡಿ. ಅವನು ಸರಿಯಾಗಿ ಕೆಳಗೆ ಬಂದಾಗ ಗೋಳಕ್ಕೆ ಗುಂಡು ಹೊಡೆದರೆ ಅವನ ಮೇಲೆ ಬೀಳುತ್ತದೆ. ಆಟ ಒಂದು ಮಾತೂ ಆಡದೆ ಸುಳಿವು ಕೊಡುವ ಬಗೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಅಖಾಡದ ಯಂತ್ರದಲ್ಲಿ ಯಾವ ಗುಂಡಿ ಒತ್ತಬೇಕು?

ಹೆಚ್ಚು ಯೋಚಿಸಬೇಡಿ. ಫಲಕದ ಮೇಲೆ ಆಚೀಚೆ ಸರಿಯುತ್ತ ಸಿಕ್ಕಿದ್ದನ್ನೆಲ್ಲ ಒತ್ತುತ್ತ ಹೋಗಿ. ಇನ್ನಷ್ಟು ಗುಂಡಿಗಳು ಬೆಳಗುತ್ತವೆ, ಯಂತ್ರ ತಾನೇ ಗುಂಡು ಹಾರಿಸುತ್ತದೆ, ಕೊನೆಗೆ ಒಂದು ಗುಂಡಿ ನಿಮ್ಮನ್ನು ಕೂತ ಗೂಡಿನ ಸಮೇತ ಮೇಲಕ್ಕೆ ಎಸೆಯುತ್ತದೆ. ನಿಧಾನಿಸಿದರೆ ಮಾತ್ರ ಸಾವು. ಅಂದಹಾಗೆ ಡಾಸ್ (ಹಳೆಯ ಪಿಸಿ) ಆವೃತ್ತಿಯಿಂದ ಈಚೆಗೆ ಅಖಾಡದ ಮೊದಲು ಒಂದು ಭಾಗ ಹೊಸದಾಗಿ ಸೇರಿದೆ. ಅಮಿಗಾದಲ್ಲಿ ಆಡಿದವರಿಗೆ ಅದು ಕಂಡಿರುವುದಿಲ್ಲ.

ಆಟವನ್ನು ಉಳಿಸುವುದು ಹೇಗೆ?

ಹಳೆಯ ಆವೃತ್ತಿಗಳಲ್ಲಿ ಉಳಿಸುವ ಸೌಲಭ್ಯವಿಲ್ಲ. ಆಟ ತೋರಿಸುವ ನಾಲ್ಕು ಅಕ್ಷರಗಳ ಸಂಕೇತ ಬರೆದಿಟ್ಟುಕೊಳ್ಳಬೇಕು. ಡಾಸ್‌ನಲ್ಲಿ ಆಡುತ್ತಿರುವಾಗ ಸಿ ಕೀಲಿ ಒತ್ತಿದರೆ ಸಂಕೇತ ಕೇಳುತ್ತದೆ. ಎಲ್, ಡಿ, ಕೆ, ಡಿ ಎಂದು ಕೊಟ್ಟರೆ ಪೀಠಿಕೆ ಬಿಟ್ಟು ಕೊಳದಿಂದಲೇ ಶುರು. ಒಂದು ಆವೃತ್ತಿಯ ಸಂಕೇತ ಇನ್ನೊಂದರಲ್ಲಿ ನಡೆಯುತ್ತದೆಂದು ನಂಬಿ ಕೂರಬೇಡಿ, ನಿಮ್ಮ ಆವೃತ್ತಿ ತೋರಿಸಿದ್ದನ್ನೇ ಬರೆದಿಡಿ.

ಡಾಸ್ ಆವೃತ್ತಿಯನ್ನು ಇಂದಿನ ಕಂಪ್ಯೂಟರ್‌ನಲ್ಲಿ ಓಡಿಸುವುದು ಹೇಗೆ?

ಹಳೆಯ ಡಾಸ್ ಆಟಗಳನ್ನು ಇಂದಿನ ಯಂತ್ರದಲ್ಲಿ ನಡೆಸುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿಕೊಳ್ಳಿ. ಆಟದ ಕಡತಗಳೆಲ್ಲವನ್ನೂ ಒಂದೇ ಫೋಲ್ಡರ್‌ನಲ್ಲಿಡಿ. ಬ್ಯಾಂಕ್ ಎಂದು ಶುರುವಾಗುವ ಕಡತಗಳು ಮತ್ತು ಮೆಮ್‌ಲಿಸ್ಟ್ ಎಂಬ ಕಡತ ಇರಲೇಬೇಕು. ಬ್ಯಾಂಕ್ ಕಡತಗಳ ಸಂಖ್ಯೆ ಹದಿನಾರರ ಎಣಿಕೆಯಲ್ಲಿದೆ (ಒಂಬತ್ತರ ಮುಂದೆ ಎ, ಬಿ, ಸಿ, ಡಿ), 01ರಿಂದ 0ಡಿವರೆಗೆ, ಒಟ್ಟು 13. ಒಂದು ತಪ್ಪಿದರೂ ಆಟ ಯಾವುದೋ ಹಂತದ ಬಾಗಿಲಲ್ಲಿ ನಿಂತುಬಿಡುತ್ತದೆ. ಮೌಂಟ್ ಆಜ್ಞೆಯಿಂದ ಆ ಫೋಲ್ಡರನ್ನು ಸಿ ಡ್ರೈವ್ ಮಾಡಿ, ಅಲ್ಲಿಂದ ಆಟ ನಡೆಸಿ. ಚಿತ್ರ ಎಳೆದಾಡಿದರೆ ಕಂಟ್ರೋಲ್ ಮತ್ತು ಎಫ್12 ಒತ್ತಿ ವೇಗ ಹೆಚ್ಚಿಸಿ, ಕಡಿಮೆ ಮಾಡಲು ಕಂಟ್ರೋಲ್ ಮತ್ತು ಎಫ್11.

ಲೆಸ್ಟರ್ ಕುಳ್ಳಗೆ ದಪ್ಪಗೆ ಕಂಡರೆ ಅದು ಅಳತೆಯ ತೊಂದರೆ. 320×200 ಚಿತ್ರ ಹಳೆಯ ಮಾನಿಟರ್‌ನಲ್ಲಿ 4:3ಕ್ಕೆ ಹಿಗ್ಗುತ್ತಿತ್ತು. ಡಾಸ್‌ಬಾಕ್ಸ್‌ನ ಸೆಟ್ಟಿಂಗ್ ಕಡತದಲ್ಲಿ ಆಸ್ಪೆಕ್ಟ್ ಎಂಬ ಸಾಲನ್ನು ಟ್ರೂ ಮಾಡಿದರೆ ಸರಿಹೋಗುತ್ತದೆ.

ಶುರುವಿನಲ್ಲಿ ಚಿಹ್ನೆಗಳನ್ನು ಕೇಳಿದರೆ ಅದು ನಕಲು ತಡೆ. ಡಬ್ಬಿಯ ಜೊತೆ ಬರುತ್ತಿದ್ದ ಸಂಕೇತ ಚಕ್ರ ತಿರುಗಿಸಿ ಉತ್ತರ ಕೊಡಬೇಕು. ಕಾರ್ಟ್ರಿಜ್‌ಗಳಲ್ಲಿ ಈ ತೊಂದರೆ ಇಲ್ಲ.

ಗುಂಡಿ ಒತ್ತಿದ ಮೇಲೆ ತಡವಾಗಿ ಸ್ಪಂದಿಸುತ್ತದೆ.

ಎರಡು ಕಾರಣ. ಆಟ ನಿಮ್ಮ ಗುಂಡಿಯನ್ನು ಫ್ರೇಮಿಗೆ ಒಂದೇ ಸಲ ನೋಡುತ್ತದೆ, ಫ್ರೇಮುಗಳೂ ಇಂದಿನ ಆಟಗಳಷ್ಟು ಬಿರುಸಿಲ್ಲ. ಮಿಂಚಿನಂತೆ ಒತ್ತಿ ಬಿಟ್ಟರೆ ಎರಡು ನೋಟಗಳ ನಡುವೆ ಕಳೆದುಹೋಗಬಹುದು, ಒಂದು ಕ್ಷಣ ಹಿಡಿದು ಬಿಡಿ. ಎರಡನೆಯದು ಟಿವಿ. ಗೇಮ್ ಮೋಡ್ ಹಾಕದಿದ್ದರೆ ಹೊಸ ಟಿವಿಗಳು ಚಿತ್ರ ತಿದ್ದುತ್ತ ಕೂತು ತಡ ಮಾಡುತ್ತವೆ. ಹಳೆಯ ಕನ್ಸೋಲನ್ನು ನೇರ ಜೋಡಿಸಿದಾಗ ಈ ತಡ ಇನ್ನೂ ಹೆಚ್ಚು.

ಹಳೆಯ ಕಾರ್ಟ್ರಿಜ್ ಕೊಳ್ಳುವಾಗ ಏನು ನೋಡಬೇಕು?

ಸಂಕೇತದ ಆಟವಾದ್ದರಿಂದ ಒಳಗೆ ಬ್ಯಾಟರಿ ಇಲ್ಲ, ಸತ್ತ ಬ್ಯಾಟರಿಯ ಚಿಂತೆ ಬೇಡ. ಓಡದಿದ್ದರೆ ಮೊದಲ ಸಂಶಯ ತಾಮ್ರದ ಪಟ್ಟಿಗಳ ಕೊಳೆಯ ಮೇಲೆ. ಹತ್ತಿ ಸುತ್ತಿದ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಎರಡೂ ಬದಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಬಾಯಿಂದ ಊದಬೇಡಿ, ಎಂಜಲಿನ ತೇವಕ್ಕೆ ಪಟ್ಟಿ ಕಪ್ಪಾಗುತ್ತದೆ. ಸೂಪರ್ ನಿಂಟೆಂಡೊದಲ್ಲಿ ಅಮೆರಿಕದ ಕಾರ್ಟ್ರಿಜ್ ಆಕಾರವೇ ಬೇರೆ. ಯುರೋಪಿನದು ಮತ್ತು ಜಪಾನಿನದು ನೋಡಲು ಒಂದೇ, ಆದರೂ ಒಳಗಿನ ತಡೆ ಚಿಪ್ ಅಡ್ಡ ಬರುತ್ತದೆ. ಯಂತ್ರ ಯಾವ ಪ್ರದೇಶದ್ದೋ ಕಾರ್ಟ್ರಿಜ್ ಕೂಡ ಅದೇ ಪ್ರದೇಶದ್ದಾಗಿರಲಿ.

ಕನ್ಸೋಲ್‌ಗಳಿಗೆ ಈಚೆಗೆ ಬಂದ ಆವೃತ್ತಿಗಳು ಬೇರೆ ಇವೆಯೇ?

ಇವೆ. ಅಭಿಮಾನಿಯೊಬ್ಬರು ಗೇಮ್ ಬಾಯ್ ಅಡ್ವಾನ್ಸ್‌ಗೆ ಒಯ್ದ ಆವೃತ್ತಿಗೆ ಶಾಹಿ ಅವರ ಒಪ್ಪಿಗೆ ಸಿಕ್ಕಿತು. 2013ರಲ್ಲಿ ಅಟಾರಿ ಜಾಗ್ವಾರ್‌ಗೆ, 2018ರಲ್ಲಿ ಡ್ರೀಮ್‌ಕಾಸ್ಟ್‌ಗೆ ಬಂತು. ಜಾಗ್ವಾರ್ ಮಾರುಕಟ್ಟೆಯಿಂದ ಹೋಗಿ ಆಗಲೇ ಹದಿನೈದು ವರ್ಷ ದಾಟಿತ್ತು.

ಮುಗಿಸಲು ಎಷ್ಟು ಹೊತ್ತು ಬೇಕು?

ದಾರಿ ಗೊತ್ತಿದ್ದರೆ ಅರ್ಧ ಗಂಟೆ ಸಾಕು. ಗೊತ್ತಿಲ್ಲದಿದ್ದರೆ ಕೆಲವು ಸಂಜೆಗಳು.

ಇದಾದ ಮೇಲೆ ಯಾವುದು ಆಡಲಿ?

ಡೆಲ್ಫಿನ್‌ನವರದೇ ಫ್ಲ್ಯಾಶ್‌ಬ್ಯಾಕ್, 1992ರದು, ಪೌಲ್ ಕ್ಯೂಸೆ ಅವರ ಆಟ. ಇದರ ಎರಡನೇ ಭಾಗ ಎಂದು ಎಷ್ಟೋ ಜನ ತಪ್ಪು ತಿಳಿದಿದ್ದಾರೆ, ಕಥೆಗೆ ಸಂಬಂಧವೇ ಇಲ್ಲ. ಅದು ಹೆಚ್ಚು ಉದ್ದ, ಸಾವು ಸ್ವಲ್ಪ ಕಡಿಮೆ. ಶಾಹಿ ಅವರದೇ ಬೇಕೆಂದರೆ 1998ರ ಹಾರ್ಟ್ ಆಫ್ ಡಾರ್ಕ್‌ನೆಸ್ ಪ್ಲೇಸ್ಟೇಷನ್‌ನಲ್ಲಿದೆ, ಅದೂ ಇದೇ ಜಾತಿಯ ಆಟ. 2011ರ ಫ್ರಮ್ ಡಸ್ಟ್, 2020ರ ಪೇಪರ್ ಬೀಸ್ಟ್ ಪೂರ್ತಿ ಬೇರೆ ಬಗೆಯವು. ಇದರ ಪ್ರಭಾವ ಎಲ್ಲೆಲ್ಲಿ ಹೋಯಿತೆಂದು ನೋಡುವ ಆಸೆ ಇದ್ದವರು ಫುಮಿಟೊ ಉಯೆಡ ಅವರ ಐಕೊ ಆಡಲಿ. ಮಾತು ಅರ್ಥವಾಗದ ಜೊತೆಗಾರಳನ್ನು ಕೈಹಿಡಿದು ನಡೆಸುವ ಆಟ ಅದು.